ಸಿಸ್ಟರ್ ಮಿರ್ನಾ ನಮ್ಮ ಜೊತೆ ಸಮುದ್ರಕ್ಕೆ ಬಂದದ್ದು

ನನ್ನ ಮಗಳು ಟೇನಾಳಿಗೆ ಹದಿನಾಲ್ಕು ತುಂಬುವವರೆಗೂ ನಾವು ಅವಳನ್ನು ನಮ್ಮೂರು ಓಸಿಯೆಕ್ ಬಿಟ್ಟು ದೂರ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಹುಟ್ಟಿನಿಂದಲೇ ಸ್ನಾಯುಗಳು ಸೋಲುವ ಕಾಯಿಲೆ ಅವಳದು. ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಕತ್ತಿನಲ್ಲೊಂದು ಉಸಿರಿನ ನಳಿಕೆ, ಕುರ್ಚಿಯ ಹಿಂದೆ ಉಸಿರಾಟದ ಯಂತ್ರ. ಆ ವರ್ಷ ಹಟ ಹಿಡಿದಳು. "ಸಮುದ್ರ ನೋಡ್ಬೇಕು ಅಮ್ಮ. ಟೀವೀಲಿ ನೋಡಿ ಸಾಕಾಗಿದೆ." ಡಾಕ್ಟರು ಒಪ್ಪಿದರು, ಒಂದು ಷರತ್ತಿನ ಮೇಲೆ: ಇಂಥ ಮಕ್ಕಳನ್ನು ನೋಡಿಕೊಂಡು ಪಳಗಿದ ನರ್ಸ್ ಒಬ್ಬರು ಜೊತೆಗಿರಬೇಕು.

ಹಾಗೆ ಒಂದು ಸಂಸ್ಥೆಯ ಮೂಲಕ ಬಂದವರು ಸಿಸ್ಟರ್ ಮಿರ್ನಾ. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ಸದ್ದಿಲ್ಲದ ನಡಿಗೆ. ಹೊರಡುವ ಒಂದು ವಾರ ಮೊದಲೇ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿ ಕೂತರು.

"ಬೆಳಗ್ಗೆ ಎಂಟರಿಂದ ಸಂಜೆ ಎಂಟರವರೆಗೆ ಟೇನಾ ನನ್ನ ಜವಾಬ್ದಾರಿ. ಆಮೇಲೆ ನಿಮ್ಮಿಬ್ಬರದು. ನಂಗೆ ಬೇರೆ ಕೋಣೆ ಬೇಕು. ನಡುವೆ ಒಂದು ಮಧ್ಯಾಹ್ನ ರಜೆ. ಹೊರಡೋ ಮುಂಚೆ ನಳಿಕೆ ಬದಲಾಯಿಸೋದನ್ನ ನೀವು ನನ್ನೆದುರು ಒಂದು ಸಲ ಮಾಡಿ ತೋರಿಸ್ಬೇಕು."

ತಿಂಗಳಿಗೊಮ್ಮೆ ಆ ಕೆಲಸಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದೆವು. ನಾನು ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

"ಅದಕ್ಕೇ ತಾನೇ ನೀವು ಬರ್ತಿರೋದು?" ಎಂದೆ, ಸ್ವಲ್ಪ ಗಡುಸಾಗಿಯೇ.

"ನಾನು ಬರ್ತಿರೋದು ಹತ್ತು ದಿನಕ್ಕೆ, ನೇವೆಂಕಾ ಅವರೇ. ಮಿಕ್ಕ ದಿನ ಅವಳ ಜೊತೆ ಇರೋರು ನೀವು."

ಒಂದು ಸಲ ಎಂದವರು ಮೂರು ದಿನ ಬಂದು ಮೂರು ಸಲ ಮಾಡಿಸಿದರು. ಮೊದಲ ಸಲ ನಾನು ಅತ್ತುಬಿಟ್ಟೆ. ಮೂರನೆಯ ಸಲ ಟೇನಾಳೇ, "ಅಮ್ಮ, ಇವತ್ತು ನಿನ್ನ ಕೈ ಅಷ್ಟೊಂದು ನಡುಗಲಿಲ್ಲ," ಎಂದಳು.

ನಾವು ಹೋದದ್ದು ವಿಸ್ ದ್ವೀಪಕ್ಕೆ. ನಾನು, ನನ್ನ ಗಂಡ ಜ್ವೊಂಕೊ, ಅತ್ತೆ ಶ್ಟೆಫಿತ್ಸಾ, ಮೈದುನ ಯೋಜಾ, ಟೇನಾ, ಸಿಸ್ಟರ್. ನಮ್ಮ ಸ್ಲಾವೊನಿಯಾ ಸೀಮೆಯ ಮಂದಿ ಹೇಗೆಂದರೆ, ಅರ್ಧ ದಿನ ಒಟ್ಟಿಗೆ ಪ್ರಯಾಣ ಮಾಡಿದವರನ್ನು ನೆಂಟರೆಂದೇ ಲೆಕ್ಕ ಹಾಕುವವರು. ಹಡಗಿನಲ್ಲೇ ಅತ್ತೆ ಕೂಲೆನ್ ಸಾಸೇಜು ಹೆಚ್ಚಿ, ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ತೆಗೆದು ಸಿಸ್ಟರ್ ಕಡೆ ಚಾಚಿದರು.

"ತಗೋ ಮಗಳೇ, ಒಂದೇ ಗುಟುಕು."

"ಸಾಸೇಜು ಕೊಡಿ ಅಜ್ಜಿ. ಕುಡಿಯೋದು ಬೇಡ, ನಾನು ಕೆಲಸದಲ್ಲಿದೀನಿ."

"ಕೆಲಸ ಅಂತೆ ಕೆಲಸ! ನೀನು ಈಗ ನಮ್ಮನೆ ಮಗಳು."

"ಸಿಸ್ಟರ್ ಅಂತಾನೇ ಕರೀರಿ. ಮಗಳಾದ್ರೆ ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ಬೇಕಾಗತ್ತೆ."

ಟೇನಾ ನಕ್ಕಳು. ಅತ್ತೆ ನಗಲಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ಯೋಜಾನಿಗೆ ಸೊಂಟ ಹಿಡಿಯಿತು. "ಆ ಔಷಧಿ ಪೆಟ್ಟಿಗೆಯಿಂದ ನಂಗೂ ಒಂದು ಸೂಜಿ ಚುಚ್ಚಿ ಸಿಸ್ಟರ್, ಪುಣ್ಯ ಬರತ್ತೆ," ಎಂದು ಗೋಗರೆದ. ಅವರು ಊರಿನ ದವಾಖಾನೆಯ ದಾರಿ ಹೇಳಿಕೊಟ್ಟರು, ಸೂಜಿ ಮಾತ್ರ ಮುಟ್ಟಲಿಲ್ಲ. ಅತ್ತೆ ತಮ್ಮ ಚಿನ್ನದ ಓಲೆ ಬಿಚ್ಚಿ ಕೊಡಹೋದರು. ಸಿಸ್ಟರ್ ಅದನ್ನು ಅತ್ತೆಯ ಅಂಗೈಯಲ್ಲೇ ಇಟ್ಟು ಬೆರಳು ಮಡಚಿ, "ಟೇನಾಗೆ ಕೊಡಿ ಅಜ್ಜಿ, ಅವಳ ಕಿವಿಗೆ ಚೆನ್ನಾಗಿ ಒಪ್ಪತ್ತೆ," ಎಂದರು. "ಹೆಂಗಸೋ ಕಲ್ಲೋ!" ಎಂದು ಅತ್ತೆ ಅವರಿಗೆ ಕೇಳುವಂತೆಯೇ ಗೊಣಗಿದರು.

ನನಗೂ ಸಿಟ್ಟು ಬಂದದ್ದು ನಾಲ್ಕನೆಯ ದಿನ. ಜಾಗ್ರೆಬ್‌ನಲ್ಲಿ ಇಂಥ ಮಕ್ಕಳು ಅಲ್ಲೇ ಉಳಿದು ಓದುವ ಶಾಲೆಯೊಂದಿದೆ. ಜ್ವೊಂಕೊಗೆ ಟೇನಾಳನ್ನು ಅಲ್ಲಿಗೆ ಸೇರಿಸುವ ಮನಸ್ಸು, ನನಗೆ ಬಿಲ್‌ಕುಲ್ ಇಲ್ಲ. ಊಟದ ಮೇಜಿನಲ್ಲೇ ಜಗಳ ಹತ್ತಿತು. "ಸಿಸ್ಟರ್, ನೀವೇ ಹೇಳಿ, ನೀವು ಎಷ್ಟು ಮಕ್ಕಳನ್ನ ನೋಡಿಲ್ಲ!" ಎಂದು ಜ್ವೊಂಕೊ ಅವರನ್ನೂ ಜಗಳಕ್ಕೆ ಎಳೆದ. ಅವರು ತಟ್ಟೆ ಎತ್ತಿಕೊಂಡು ಎದ್ದರು. "ಆ ಶಾಲೇಲಿ ರಾತ್ರಿ ನರ್ಸ್ ಇರ್ತಾರಾ, ಯಂತ್ರ ನೋಡಿಕೊಳ್ಳೋರು ಯಾರು ಅಂತ ಕೇಳಿದ್ರೆ ವಿಚಾರಿಸಿ ಹೇಳ್ತೀನಿ. ಕಳಿಸಬೇಕೋ ಬೇಡವೋ ಅನ್ನೋದು ನಿಮ್ಮ ಮನೆ ಮಾತು," ಎಂದು ಹೊರಟೇಹೋದರು.

ಮಗಳು ಅವರೊಂದಿಗೆ ಗುಸುಗುಸು ಮಾತಾಡುವುದನ್ನು ನಾನು ನೋಡಿದ್ದೆ. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಅವರನ್ನು ತಡೆದೆ. "ಏನು ಹೇಳ್ತಾಳೆ ಅವಳು ನಿಮ್ಮ ಹತ್ರ? ನಾನು ಹೆತ್ತ ತಾಯಿ."

"ಅವಳಿಗೆ ಅಪಾಯ ಆಗೋ ಮಾತಾಗಿದ್ರೆ ಆ ಕ್ಷಣವೇ ನಿಮ್ಮ ಮುಂದೆ ಇಡ್ತಿದ್ದೆ. ಇದು ಅಂಥದ್ದಲ್ಲ. ಅವಳನ್ನೇ ಕೇಳಿ, ಕಾಯ್ತಿದಾಳೆ ಅನ್ಸತ್ತೆ."

ಕೇಳಲಿಲ್ಲ. ಉತ್ತರ ಏನಿರಬಹುದೆಂದು ಭಯವಿತ್ತು.

ಆದರೆ ಅದೇ ದಿನ ಅವರು ಮಾಡಿದ ಕೆಲಸ ನಾನು ಸಾಯುವವರೆಗೆ ಮರೆಯುವುದಿಲ್ಲ. ಟೇನಾಗೆ ನೀರಿಗಿಳಿಯುವ ಆಸೆ. ನಾವೆಲ್ಲ ಅಸಾಧ್ಯ ಎಂದಿದ್ದೆವು. ಸಿಸ್ಟರ್ ಮಾತ್ರ ಒಂದು ಗಂಟೆ ಫೋನಿನಲ್ಲಿ ಡಾಕ್ಟರ ಜೊತೆ ಕೂತು, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಬರಹದಲ್ಲೇ ಅನುಮತಿ ತರಿಸಿಕೊಂಡರು. ನೀರು ಸೊಂಟ ದಾಟಬಾರದು, ಅಲೆಯಿಲ್ಲದ ಹೊತ್ತು, ಹತ್ತು ನಿಮಿಷ. ದಡದ ಮರಳಿನಲ್ಲಿ ಓಡುವ ದಪ್ಪ ಗಾಲಿಯ ಕುರ್ಚಿಯನ್ನು ಬಾಡಿಗೆಗೆ ಹುಡುಕಿದರು. ಯಂತ್ರ ಬಿಚ್ಚಿ, ಕೈಯಲ್ಲಿ ಒತ್ತುವ ಗಾಳಿಚೀಲ ಜೋಡಿಸಿ, ಕೆಲಸದ ಬಟ್ಟೆಯಲ್ಲೇ ನೀರಿಗಿಳಿದರು. ಜ್ವೊಂಕೊ ಕುರ್ಚಿ ಹಿಡಿದಿದ್ದ. ಸಿಸ್ಟರ್ ಕಣ್ಣು ಮಗಳ ಕತ್ತು ಬಿಟ್ಟು ಅಲುಗಲಿಲ್ಲ, ಕೈ ಒಂದೇ ಲಯದಲ್ಲಿ ಚೀಲ ಒತ್ತುತ್ತಿತ್ತು. ಟೇನಾ ಬೆರಳುಗಳನ್ನು ನೀರಿನಲ್ಲಿ ತೇಲಿಬಿಟ್ಟು, "ತಣ್ಣಗಿದೆ, ಅಯ್ಯೋ ಎಷ್ಟು ತಣ್ಣಗಿದೆ!" ಎಂದು ನಗುತ್ತಲೇ ಇದ್ದಳು. ಹತ್ತು ನಿಮಿಷ ಆದಾಗ ಇನ್ನೂ ಐದು ನಿಮಿಷ ಬಿಡಿ ಎಂದು ಜ್ವೊಂಕೊ ಬೇಡಿಕೊಂಡ. ಸಿಸ್ಟರ್ ಕುರ್ಚಿ ತಿರುಗಿಸಿದರು.

ಏಳನೆಯ ದಿನ ಅವರ ರಜೆಯ ಮಧ್ಯಾಹ್ನ. ದ್ವೀಪದ ಆ ಬದಿಯ ಕೊಮಿಝಾಕ್ಕೆ ಬಸ್ಸಿನಲ್ಲಿ ಹೊರಟರು. ನಾನು ಬಾಗಿಲಿಗೆ ಬಂದು, "ಇವತ್ತೊಂದಿನ ಬಿಡಿ ಸಿಸ್ಟರ್," ಎಂದೆ.

"ಹೋಗ್ಲೇಬೇಕು. ದಣಿದ ಕೈಯಲ್ಲಿ ಅವಳನ್ನ ಮುಟ್ಟಬಾರದು ನಾನು. ಕೆಂಪು ಚೀಲ ಎಲ್ಲಿದೆ?"

"ಕುರ್ಚಿ ಹಿಂದೆ."

"ಒಳಗೆ?"

"ಅದೇ ಅಳತೆಯ ನಳಿಕೆ ಒಂದು, ಸಣ್ಣದೊಂದು."

"ಸರಿ," ಎಂದು ಹೋದರು.

ನಾಲ್ಕು ಗಂಟೆಯ ಹೊತ್ತಿಗೆ ಯಂತ್ರ ಕೂಗತೊಡಗಿತು. ಟೇನಾಳ ತುಟಿ ನೀಲಿಗಟ್ಟುತ್ತಿತ್ತು. ಕಫ ಎಳೆಯುವ ಕೊಳವೆ ಹಾಕಿದೆ, ಒಳಗೆ ಹೋಗಲೊಲ್ಲದು. ನಳಿಕೆ ಪೂರಾ ಕಟ್ಟಿಕೊಂಡಿತ್ತು. ಅತ್ತೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತ ಕಿರುಚಿದರು. ಜ್ವೊಂಕೊ ಆಂಬುಲೆನ್ಸಿಗೆ ಫೋನ್ ಹಚ್ಚಿದ. ನನ್ನ ತಲೆಯಲ್ಲಿ ಆಗ ಯಾವ ಯೋಚನೆಯೂ ಇರಲಿಲ್ಲ, ಕೈಗಳಿಗೆ ಗೊತ್ತಿತ್ತು. ನಳಿಕೆ ಹಿಡಿದಿಟ್ಟ ಕತ್ತಿನ ಪಟ್ಟಿ ಕತ್ತರಿಸಿದೆ, ಹಳೆಯದನ್ನು ಎಳೆದೆ, ಹೊಸದನ್ನು ಕೆಳಮುಖವಾಗಿ ಬಾಗಿಸಿ ಒಳಗಿಟ್ಟೆ, ಗಾಳಿಚೀಲ ಒತ್ತಿದೆ. ಎದೆ ಏರಿತು. ಮತ್ತೊಮ್ಮೆ ಏರಿತು. ತುಟಿಗೆ ಬಣ್ಣ ಬರುವುದನ್ನು ನೋಡುತ್ತ ನಾನು ಒತ್ತುತ್ತಲೇ ಇದ್ದೆ.

ದವಾಖಾನೆಯ ಡಾಕ್ಟರು ಬಂದು, ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಹೋದ ಮೇಲೆ ಸಿಸ್ಟರ್ ಬಂದರು. ಅತ್ತೆ ಬಾಗಿಲಲ್ಲೇ ಹಿಡಿದರು. "ಬಂದ್ಯಾ ಮಹಾರಾಣಿ? ಮಗು ಸಾಯ್ತಿತ್ತು, ನಿಂಗೆ ತಿರುಗಾಟ!"

ಸಿಸ್ಟರ್ ನೇರ ಒಳಗೆ ಬಂದರು. ಟೇನಾಳ ಎದೆಗೆ ಕಿವಿಗೊಟ್ಟು ಕೇಳಿದರು, ಪಟ್ಟಿಯ ಗಂಟನ್ನು ಬೆರಳಿನಿಂದ ನೋಡಿದರು. ಆಮೇಲೆ ನನ್ನ ಪಕ್ಕ ಕೂತು, "ಏನೇನು ಮಾಡಿದ್ರಿ, ಮೊದಲಿಂದ ಹೇಳಿ. ಬರ್ಕೋತೀನಿ," ಎಂದರು. ಹೇಳಿದೆ. ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು. "ನಾನಿದ್ದಿದ್ರೂ ಇಷ್ಟೇ ಮಾಡ್ತಿದ್ದೆ. ಇದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ."

ಆಗ ನನಗೆ ಅಳು ಬಂತು. ಬಾಗಿಲಲ್ಲಿದ್ದ ಅತ್ತೆ ಒಳಗೆ ಹೋಗಿ ಸಿಸ್ಟರ್‌ಗೆ ಸೂಪು ಬಿಸಿ ಮಾಡಿ ತಂದರು.

ಮರುದಿನ ನಾನು ಟೇನಾಳ ಎದುರು ಕೂತು ಕೇಳಿದೆ. ಅವಳು ಯಂತ್ರದ ಉಸಿರಿಗೆ ಕಾಯುತ್ತ, ತುಂಡು ತುಂಡಾಗಿ ಹೇಳಿದಳು: "ಜಾಗ್ರೆಬ್‌ಗೆ ಹೋಗ್ಬೇಕು ಅಮ್ಮ. ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ." ನನಗೆ ಬೇಜಾರಾಯಿತು. ಹೋಗು ಎಂದೆ.

ಓಸಿಯೆಕ್‌ನ ನಮ್ಮ ಬಾಗಿಲಲ್ಲಿ ಬೀಳ್ಕೊಡುವಾಗ ಸಿಸ್ಟರ್ ಅವರ ಸ್ವಂತ ಫೋನ್ ನಂಬರನ್ನು ಟೇನಾ ಕೇಳಿದಳು.

"ಕೊಡೋ ಹಾಗಿಲ್ಲ ಟೇನಾ. ಸಂಸ್ಥೆಯ ವಿಳಾಸಕ್ಕೆ ಬರಿ, ನನಗೆ ತಲುಪಿಸ್ತಾರೆ. ಒಂದನ್ನೂ ಬಿಡದೆ ಓದ್ತೀನಿ."

"ನಾನಂದ್ರೆ ನಿಮಗೆ ಇಷ್ಟ ಇಲ್ವಾ?"

"ತುಂಬ ಇಷ್ಟ. ನಾಳೆ ಇನ್ನೊಂದು ಮಗು ಹತ್ರ ಹೋಗ್ತೀನಿ, ಅದಕ್ಕೂ ನಾನು ಪೂರ್ತಿ ಬೇಕು." ಅವಳ ಕೆನ್ನೆಗೆ ಅಂಗೈ ಒತ್ತಿ, ನಮ್ಮ ಕಡೆ ತಿರುಗದೆ ಮೆಟ್ಟಿಲಿಳಿದರು. ಕೆಳಗೆ ಕಾರಿನಲ್ಲಿ ಕೂತವರು ಎಷ್ಟೋ ಹೊತ್ತು ಕಾರು ಶುರು ಮಾಡಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ, ಟೇನಾಳಿಗೆ ಹೇಳಲಿಲ್ಲ.

ಮಗಳು ಈಗ ಜಾಗ್ರೆಬ್‌ನಲ್ಲಿದ್ದಾಳೆ. ಮೊದಲ ವಾರ ಫೋನಿನಲ್ಲಿ ಹೇಳಿದಳು: ಹೊಸ ಆಯಾ ಒಬ್ಬಳು "ನನ್ನ ಪುಟಾಣಿ" ಎಂದು ಮುದ್ದಾಡುತ್ತ ಕತ್ತಿನ ಪಟ್ಟಿಗೆ ಕೈ ಹಾಕಿದಳಂತೆ.

"ನೀನೇನಂದೆ?"

"ನನ್ನ ಹೆಸರು ಟೇನಾ. ಮುಟ್ಟೋ ಮುಂಚೆ ಕೇಳಿ ಅಂದೆ."

"ಬೈದಳಾ?"

"ಇಲ್ಲಮ್ಮ. ಕ್ಷಮಿಸು ಅಂದ್ಲು. ಆಮೇಲೆ ಕೇಳಿ ಮುಟ್ಟಿದ್ಲು."