ತಳ ಹಿಡಿದ ಸಿಹಿ

ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವುದು ನನ್ನ ಕೆಲಸ. ದಿನಕ್ಕೆ ನಲವತ್ತು ತಟ್ಟೆ ನನ್ನ ಮುಂದೆ ಬರುತ್ತವೆ. ಒಂದು ಬಿಸ್ಕತ್ತಿನ ಅಂಚು ಕಪ್ಪಾಗಿದ್ದರೂ ಇಡೀ ತಟ್ಟೆಯನ್ನು ವಾಪಸು ಕಳಿಸುತ್ತೇನೆ. ಇಂಥ ನಾನು ಹುಟ್ಟಿದ್ದು ಮಾತ್ರ, ಹಬ್ಬದ ದಿನ ಸೀದುಹೋದ ಸಿಹಿಯನ್ನು ಕಣ್ಣು ಮುಚ್ಚಿ ಚಪ್ಪರಿಸುವ ಮನೆಯಲ್ಲಿ.

ಹಾಲು, ಅಕ್ಕಿ, ಸಕ್ಕರೆ. ನಮ್ಮ ಹಬ್ಬದ ಸಿಹಿಗೆ ಬೇಕಾದದ್ದು ಇಷ್ಟೇ. ಲೋಕದಲ್ಲಿ ಎಲ್ಲರೂ ಇದನ್ನು ತಳ ಹಿಡಿಯದಂತೆ ಮಾಡುತ್ತಾರೆ. ನಮ್ಮಲ್ಲಿ ತಳ ಹಿಡಿಯಲೇಬೇಕು. ಆ ಸೀದ ಘಮವೇ ನಮ್ಮ ಮನೆತನದ ಗುರುತು ಎಂದು ದೊಡ್ಡಪ್ಪ ಪ್ರತಿ ಹಬ್ಬದಲ್ಲೂ ಊಟಕ್ಕೆ ಮೊದಲು ಭಾಷಣ ಮಾಡುತ್ತಾರೆ. ಅವರು ಹೆಡ್‌ಮಾಸ್ಟರಾಗಿದ್ದು, ಕಳೆದ ವರ್ಷವಷ್ಟೇ ನಿವೃತ್ತರಾದರು. ಶಾಲೆ ಅವರನ್ನು ಬಿಟ್ಟಿತು, ಅವರು ನಮ್ಮನ್ನು ಹಿಡಿದುಕೊಂಡರು.

ಈ ಸಲ ಹಬ್ಬಕ್ಕೆ ವಾರವಿರುವಾಗ ಅವರು ಒಂದು ಆಜ್ಞೆ ಹೊರಡಿಸಿದರು. ಅಜ್ಜಿಗೆ ಎಂಬತ್ತೆರಡಾಯಿತು, ಕೈ ನಡುಗುತ್ತದೆ, ಅವಳ ಅಡುಗೆ ಇದೇ ಕೊನೆ. ಮುಂದಿನ ವರ್ಷದಿಂದ ಊಟ ಕೇಟರಿಂಗ್‌ನವರಿಂದ. ಆದರೆ ಸಂಪ್ರದಾಯ ತಪ್ಪಬಾರದಲ್ಲ? ಫೋನಿನ ಸ್ಪೀಕರ್ ಹಾಕಿ ಆ ಕೇಟರಿಂಗ್‌ನವನಿಗೆ ಸೀದ ಘಮದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದರು.

"ಸೀದಿರ್ಬೇಕು ತಾನೇ ಸಾರ್? ಅದಕ್ಕೆ ನೀವು ಯೋಚ್ನೆನೇ ಮಾಡ್ಬೇಡಿ. ನಮ್ಮೋರು ಹೇಳದೇ ಇದ್ರೂ ಸೀಯಿಸ್ತಾರೆ," ಎಂದ ಅವನು.

ಅಜ್ಜಿ ಮೂಲೆಯ ಕುರ್ಚಿಯಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು.  ಹಬ್ಬದ ಬೆಳಿಗ್ಗೆ ನನ್ನನ್ನು ಕರೆದು, "ಇನ್‌ಸ್ಪೆಕ್ಟ್ರೇ, ಇವತ್ತು ಸೌಟು ನಿಂದು, ಬಾಯಿ ನಂದು," ಎಂದಳು. ಕಾರ್ಖಾನೆ ಸೇರಿದಂದಿನಿಂದ ಅವಳ ಬಾಯಲ್ಲಿ ನನಗೆ ಅದೇ ಹೆಸರು.

ಹಾಲು ಕುದಿಯಿತು. ಅಕ್ಕಿ ಬಿದ್ದಿತು. ನಾನು ಕೈಯಾಡಿಸುತ್ತ ನಿಂತೆ, ಅಜ್ಜಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಳು. ಅರ್ಧ ಗಂಟೆಯಾಯಿತು, ನನ್ನ ರಟ್ಟೆ ಬಿದ್ದುಹೋಯಿತು.

"ಅಜ್ಜಿ, ಯಾವಾಗ ಕೈ ಬಿಡ್ಬೇಕು? ಸೀಯೋಕೆ?"

ಅಜ್ಜಿ ಎದ್ದು ಅಡುಗೆಮನೆಯ ಬಾಗಿಲು ಹಾಕಿ ಬಂದಳು. "ಇವತ್ತು ಕೈ ಬಿಡ್ಬೇಡ," ಎಂದಳು.

ನಾನು ಅವಳ ಮುಖ ನೋಡಿದೆ.

"ನಾನು ಮದುವೆಯಾಗಿ ಬಂದ ಮೊದಲನೇ ಹಬ್ಬ ಕಣೇ. ಹಾಲು ಒಲೆ ಮೇಲಿತ್ತು. ಅಷ್ಟೊತ್ತಿಗೆ ನಮ್ಮಮ್ಮನ ಕಾಗದ ಬಂತು. ಓದ್ತಾ ಓದ್ತಾ ಅಳು ಬಂತು, ಅಳ್ತಾ ಅಳ್ತಾ ಹಾಲು ಮರ್ತೇಹೋಯ್ತು. ತಳ ಹಿಡೀತು. ಇನ್ನೊಂದು ಸಲ ಮಾಡೋಕೆ ಹೊತ್ತಿರಲಿಲ್ಲ, ಅದನ್ನೇ ಬಡಿಸ್ದೆ. ನಿಮ್ಮಜ್ಜ ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದ್ರು. ಕಣ್ಣು ಕೆಂಪಗಿತ್ತಲ್ಲ, ಪಾಪ ಅನ್ನಿಸಿರ್ಬೇಕು. 'ಆಹಾ, ಎಷ್ಟು ಘಮ ಇದೆ' ಅಂದ್ಬಿಟ್ರು. ಮಗನೇ ಹೊಗಳಿದ ಮೇಲೆ ನಮ್ಮತ್ತೆ ಸುಮ್ನಿರ್ತಾರಾ? 'ನಾನೇ ಹೇಳಿಕೊಟ್ಟಿದ್ದು' ಅಂದ್ರು."

ನಗು ತಡೆಯಲಾಗಲಿಲ್ಲ. ಸೌಟು ನಿಂತಿತು. ಅಜ್ಜಿ ನನ್ನ ಕೈಗೆ ಪಟ್ ಎಂದು ಒಂದು ಹಾಕಿದಳು.

"ನಗು, ಆದ್ರೆ ಕೈಯಾಡಿಸು. ಮಾರನೇ ವರ್ಷ ಸರಿಯಾಗಿ ಮಾಡ್ದೆ. ನಮ್ಮತ್ತೆ ಮೂಸಿ ನೋಡಿದ್ದೇ, ಯಾರಿಗೂ ತಿನ್ನೋಕೆ ಬಿಡದೆ ಬಟ್ಟಲು ಪಕ್ಕಕ್ಕೆ ತಳ್ಳಿ, 'ಹೇಳಿಕೊಟ್ಟಿದ್ದನ್ನ ಒಂದೇ ವರ್ಷಕ್ಕೆ ಮರ್ತುಬಿಟ್ಯಾ?' ಅಂದ್ರು. ಆಮೇಲೆ ಸೀಯಿಸೋದನ್ನ ಕಲಿತೆ. ಚೆನ್ನಾಗಿ ಮಾಡೋದು ಹದಿನೈದನೇ ವಯಸ್ಸಿಗೇ ಬರ್ತಿತ್ತು. ಹದವಾಗಿ ಕೆಡಿಸೋದನ್ನ ಕಲಿಯೋಕೆ ಮೂರು ವರ್ಷ ಹಿಡೀತು."

ಸುಳ್ಳಲ್ಲ, ಅದೂ ಒಂದು ವಿದ್ಯೆಯೇ. ಕುದಿಯುವ ಸದ್ದು ದಪ್ಪಗಾದಾಗ ಸೌಟು ಎತ್ತಬೇಕು. ತಳ ಕಂದು ಬಣ್ಣಕ್ಕೆ ತಿರುಗಬೇಕು, ಕಪ್ಪಾಗಬಾರದು. ಕೆರೆಯದೆ ಬೇರೆ ಪಾತ್ರೆಗೆ ಬಗ್ಗಿಸಬೇಕು. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ, ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಪ್ರಯತ್ನಪಟ್ಟು ಸೋತಿದ್ದರು. ಒಮ್ಮೆ ಸೀದದ್ದು ಸಾಲದು, ಒಮ್ಮೆ ಹೆಚ್ಚು. "ಅಮ್ಮನ ಕೈಗುಣ ಎಲ್ಲರಿಗೂ ಬರಲ್ಲ" ಎಂದು ದೊಡ್ಡಪ್ಪ ಎಲ್ಲರೆದುರೇ ತೀರ್ಪು ಕೊಟ್ಟ ಮೇಲೆ ಆಕೆ ಆ ಪಾತ್ರೆಯನ್ನು ತೊಳೆಯುವುದಕ್ಕಷ್ಟೇ ಮುಟ್ಟುತ್ತಿದ್ದರು.

"ನಿಂಗೆ ಇಷ್ಟಾನಾ ಅಜ್ಜಿ, ಆ ಸೀದದ್ದು?"

"ಥೂ," ಎಂದಳು ಅಜ್ಜಿ.

"ಮತ್ತೆ ಬೇರೆ ಯಾವತ್ತಾದ್ರೂ ನಿಂಗೆ ಬೇಕಾದಂಗೆ ಮಾಡ್ಕೊಂಡು ತಿನ್ಬಹುದಿತ್ತಲ್ಲ?"

"ಕದ್ದು ತಿನ್ನೋಕೆ ನಾನೇನು ಬೆಕ್ಕಾ?" ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ನಮ್ಮಮ್ಮ ಇದನ್ನ ಬೆಳ್ಳಗೆ ಮಾಡ್ತಿದ್ರು. ಅವರ ಕೈರುಚಿ ಈ ಮನೇಲಿ ಒಬ್ಬರ ನಾಲಿಗೆಗೂ ತಾಕಿಲ್ಲ. ಅರವತ್ತೆರಡು ವರ್ಷದಿಂದ ಎಲ್ಲರೂ ನನ್ನ ಅಡುಗೆ ಹೊಗಳ್ತಾರೆ, ಹೊಗಳೋದು ನನ್ನ ತಪ್ಪನ್ನ. ಇದೇ ಕೊನೆ ಅಂತ ನಿಮ್ಮ ದೊಡ್ಡಪ್ಪ ಹೇಳಿಯಾಯ್ತಲ್ಲ? ಇವತ್ತು ನಮ್ಮಮ್ಮಂದು ಬಡಿಸ್ಬೇಕು. ಒಬ್ಬರು, ಒಬ್ಬರೇ ಒಬ್ಬರು, 'ಇನ್ನೊಂಚೂರು ಹಾಕಿ' ಅಂದ್ರೆ ಸಾಕು ನಂಗೆ."

ನಾನು ಇನ್ನೂ ಅರ್ಧ ಗಂಟೆ ಕೈಯಾಡಿಸಿದೆ, ರಟ್ಟೆಯ ನೋವನ್ನು ಮರೆತು. ಕೊನೆಗೆ ಒಂದು ಚಮಚ ಬಾಯಿಗಿಟ್ಟುಕೊಂಡಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಹಾಲಿಗೆ ಹಾಲಿನ ರುಚಿ ಇರುತ್ತದೆ ಎಂಬುದು ಇಪ್ಪತ್ತೆಂಟು ಹಬ್ಬ ಕಳೆದ ಮೇಲೆ ಗೊತ್ತಾದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಆ ಚಿಕ್ಕ ಪಾತ್ರೇಲಿ ಸ್ವಲ್ಪ ತೆಗೆದು ಮುಚ್ಚಿಡು," ಎಂದಳು ಅಜ್ಜಿ.

"ಯಾಕೆ?"

"ನನ್ನ ಮಗ ನಂಗೆ ಗೊತ್ತಿಲ್ವಾ?"

ಮಧ್ಯಾಹ್ನ ಹನ್ನೊಂದು ಜನ ಊಟಕ್ಕೆ ಕೂತೆವು. ದೊಡ್ಡಪ್ಪ ಎದ್ದು ನಿಂತು ಸಂಪ್ರದಾಯ, ಪರಂಪರೆ, ಹೊಗೆಯ ಪರಿಮಳ ಎಲ್ಲವನ್ನೂ ಮುಗಿಸಿ ಕೂತು, ಮೊದಲ ಚಮಚ ಬಾಯಿಗಿಟ್ಟರು. ಚಮಚ ಕೆಳಗಿಟ್ಟರು. ಅವರನ್ನು ನೋಡಿ ಉಳಿದವರೂ ಚಮಚ ಕೆಳಗಿಟ್ಟರು. ಅವರಲ್ಲಿ ಕೆಲವರು ಇನ್ನೂ ಬಾಯಿಗೇ ಇಟ್ಟಿರಲಿಲ್ಲ.

"ಇದು ನಮ್ಮನೇದಲ್ಲ," ಎಂದರು ದೊಡ್ಡಪ್ಪ. ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಬಿಸ್ಕತ್ತಿನ ಬುದ್ಧೀನ ಇಲ್ಲೂ ತೋರಿಸಿದ್ಯಲ್ಲ ಮಾರಾಯ್ತಿ!"

"ಅವಳನ್ನ ಬೈಬೇಡ ಕಣೋ," ಎಂದಳು ಅಜ್ಜಿ. "ನಾನೇ ಹೇಳಿ ಮಾಡಿಸಿದ್ದು. ನಮ್ಮಮ್ಮ ಮಾಡ್ತಿದ್ದದ್ದು ಹೀಗೇ. ಮೊದಲನೇ ವರ್ಷ ಸೀದಿದ್ದು ನನ್ನ ಮರೆವಿನಿಂದ."

ದೊಡ್ಡಪ್ಪ ನಕ್ಕರು. ಮಗ್ಗಿ ತಪ್ಪಿದ ಮಕ್ಕಳನ್ನು ನೋಡಿ ಅವರು ನಗುತ್ತಿದ್ದ ನಗು ಅದು. "ಅಮ್ಮಾ, ಮರೆವು ಆಗಿನದಲ್ಲ, ಈಗಿನದು. ವಯಸ್ಸಾಯ್ತು ನೋಡು, ಎಲ್ಲ ಕಲಸಿಹೋಗ್ತಿದೆ. ನಿಂಗೆ ಹೇಳಿಕೊಟ್ಟಿದ್ದು ನಿಮ್ಮತ್ತೆ, ನಮ್ಮಜ್ಜಿ. ಚಿಕ್ಕವನಿದ್ದಾಗ ಅವರ ಬಾಯಲ್ಲೇ ಕೇಳಿದ್ದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸ್ವಂತ ಅಡುಗೆಯ ಬಗ್ಗೆ ಅಜ್ಜಿಗೇ ಪಾಠವಾಯಿತು. ನಮ್ಮಪ್ಪ ಬಟ್ಟಲು ನೋಡುತ್ತ ಕೂತರು, ನಮ್ಮಮ್ಮ ನಮ್ಮಪ್ಪನನ್ನು ನೋಡುತ್ತ ಕೂತರು.

"ಯಾರೂ ತಿನ್ಬೇಡಿ. ಐದೇ ನಿಮಿಷ, ನಾನು ಸರಿ ಮಾಡಿ ತರ್ತೀನಿ," ಎಂದು ದೊಡ್ಡಪ್ಪ ದೊಡ್ಡ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಧ್ವನಿ ಬಂತು: "ಈ ಲೈಟರು ಎಲ್ಲಿ ಒತ್ತಬೇಕು?" ಯಾರೂ ಏಳಲಿಲ್ಲ. ಹೇಗೋ ಹೊತ್ತಿಸಿಕೊಂಡರು.

ಅಜ್ಜಿ ತನ್ನ ಬಟ್ಟಲನ್ನು ಒಬ್ಬಳೇ ಮುಗಿಸಿದಳು. ಆಮೇಲೆ ಒಂದೊಂದೇ ಬಟ್ಟಲಿನ ಕಡೆ ನೋಡುತ್ತ ಹೋದಳು. ಎಲ್ಲವೂ ತುಂಬಿದ್ದವು. ನನ್ನದು ಖಾಲಿಯಾಗಿತ್ತು, ಆದರೆ ನಾನು ಕೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ; ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. 

ಆಗ ದೊಡ್ಡಮ್ಮ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಚಮಚ ಎತ್ತಿಕೊಂಡರು. ಒಂದು ಚಮಚ, ಎರಡು, ಮೂರು. ಆಮೇಲೆ ತಲೆ ಎತ್ತದೆ ತಿಂದು ಬಟ್ಟಲು ಬರಿದು ಮಾಡಿ, ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಅತ್ತೆ, ಇನ್ನೊಂಚೂರು ಇದ್ರೆ ಹಾಕ್ತೀರಾ?"

 ಅಜ್ಜಿ ನನಗೆ ಕಣ್ಸನ್ನೆ ಮಾಡಿದಳು.

ಚಿಕ್ಕ ಪಾತ್ರೆ ತರಲು ನಾನು ಒಳಗೆ ಹೋದೆ. ದೊಡ್ಡಪ್ಪ ದೊಡ್ಡ ಉರಿಯ ಮುಂದೆ ಕೈಕಟ್ಟಿ ನಿಂತಿದ್ದರು, ಪರೀಕ್ಷೆಯ ಕೋಣೆ ಕಾಯುವವರ ಹಾಗೆ.

"ದೊಡ್ಡಪ್ಪ, ಉರಿ ಸ್ವಲ್ಪ ಸಣ್ಣ..."

"ನಂಗೆ ಗೊತ್ತು."

ಗೊತ್ತಿದ್ದವರಿಗೆ ಹೇಳುವುದೇನು? ಪಾತ್ರೆ ಎತ್ತಿಕೊಂಡು ಬಂದೆ. ಬಡಿಸುತ್ತೇನೆಂದರೆ ಅಜ್ಜಿ ಬಿಡಲಿಲ್ಲ. ನಡುಗುವ ಕೈಯಲ್ಲಿ ತಾನೇ ಬಡಿಸಿದಳು. ಅರ್ಧ ಮೇಜಿನ ಮೇಲೆ ಚೆಲ್ಲಿತು, ಉಳಿದರ್ಧಕ್ಕೆ ದೊಡ್ಡಮ್ಮ ಎರಡೂ ಕೈಯಲ್ಲಿ ಬಟ್ಟಲು ಒಡ್ಡಿದರು.

"ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತತ್ತೆ, ಇಂಥದ್ದು ತಿಂದಿರಲಿಲ್ಲ," ಎಂದರು.

"ನಾನು ಬಂದು ಅರವತ್ತೆರಡಾಯ್ತು. ನಾನೂ ತಿಂದಿರಲಿಲ್ಲ," ಎಂದಳು ಅಜ್ಜಿ.

ಅಷ್ಟರಲ್ಲಿ ಹೊಗೆ ಬಂತು, ಅದರ ಹಿಂದೆ ಪಾತ್ರೆ ಬಂತು, ಪಾತ್ರೆಯ ಹಿಂದೆ ಕೆಮ್ಮುತ್ತ ದೊಡ್ಡಪ್ಪ ಬಂದರು. ಬೆಳ್ಳಗಿದ್ದ ಸಿಹಿಯಲ್ಲಿ ಕರಿ ಚಕ್ಕೆಗಳು ತೇಲುತ್ತಿದ್ದವು. ಕಾರ್ಖಾನೆಯಲ್ಲಾಗಿದ್ದರೆ ನಾನು ತಟ್ಟೆಯನ್ನಲ್ಲ, ಒಲೆಯನ್ನೇ ವಾಪಸು ಕಳಿಸುತ್ತಿದ್ದೆ.

ದೊಡ್ಡಪ್ಪ ಒಂದು ದೊಡ್ಡ ಚಮಚ ಬಾಯಿಗಿಟ್ಟುಕೊಂಡರು. ನುಂಗುವಂತಿಲ್ಲ, ಉಗುಳುವಂತಿಲ್ಲ. ಹನ್ನೊಂದು ಜನರಲ್ಲಿ ಹತ್ತು ಜನ ಅವರ ಮುಖವನ್ನೇ ನೋಡುತ್ತಿದ್ದೆವು. ಕಣ್ಣಲ್ಲಿ ನೀರು ತುಂಬಿತು. ನುಂಗಿದರು.

"ಇದು! ಇದು ನಮ್ಮ ಮನೆ ರುಚಿ!" ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅಜ್ಜಿ ಅದರಿಂದ ಅರ್ಧ ಚಮಚ ತೆಗೆದುಕೊಂಡು ರುಚಿ ನೋಡಿದಳು. ಮಗನ ಕೆಂಪು ಕಣ್ಣುಗಳನ್ನು ಬಹಳ ಹೊತ್ತು ದಿಟ್ಟಿಸಿದಳು.

"ಆಹಾ, ಎಷ್ಟು ಘಮ ಇದೆ," ಎಂದಳು. "ಕೇಟರಿಂಗ್‌ನೋರು ಯಾಕೆ ಕಣೋ? ಇನ್ಮೇಲೆ ಪ್ರತಿ ಹಬ್ಬಕ್ಕೂ ನೀನೇ ಮಾಡು. ಯಾರಾದ್ರೂ ಕೇಳಿದ್ರೆ, ನಾನೇ ಹೇಳಿಕೊಟ್ಟಿದ್ದು ಅಂತೀನಿ."

ಆಮೇಲೆ ನನ್ನ ಕಡೆ ತಿರುಗಿದಳು.

"ನಿಮ್ಮ ದೊಡ್ಡಪ್ಪಂಗೆ ಇನ್ನೊಂದು ಸೌಟು ಹಾಕು."