ಕೊನೆಯ ಹೆಸರಿನ ಖಾನೆ

ಅಮೆರಿಕದ ರಾಕ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ, ಹುಟ್ಟಿದ ಮಕ್ಕಳ ಹೆಸರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನೀರಜಾಳದು. ಹೆಣ್ಣೋ ಗಂಡೋ, ಹೆಸರೇನು, ಮನೆತನದ ಹೆಸರೇನು ಎಂದು ಕೇಳಿ ತುಂಬುವುದು, ಸಹಿ ಹಾಕಿಸುವುದು, ಅಷ್ಟೇ. ಐದು ನಿಮಿಷದ ಕೆಲಸ. 2005ರ ಆ ಬುಧವಾರ ಮಾತ್ರ ಬರ್ಮಾದ ಬಾಣಂತಿಯೊಬ್ಬಳು ಅದನ್ನು ಒಂದು ಗಂಟೆ ಎಳೆದಳು.

ಬಾಣಂತಿ ಮಿಯಾ ಮಿಯಾ, ಗಂಡ ಆಂಗ್ ಥೇನ್. ಸೋಮವಾರ ಹುಟ್ಟಿದ ಮಗಳಿಗೆ ಖಿನ್ ಸಂಡಾ ಎಂದು ಹೆಸರಿಟ್ಟಿದ್ದರು. ನೀರಜಾ ಕೊನೆಯ ಖಾನೆಗೆ ಅಪ್ಪನ ಹೆಸರಿನ ಬಾಲ ಕಿತ್ತು 'ಥೇನ್' ಎಂದು ಹಾಕಿ, ಕಾಗದವನ್ನು ಮುಂದಿಟ್ಟಳು. ಮಿಯಾ ಮಿಯಾ ಪೆನ್ನು ಮುಟ್ಟಲಿಲ್ಲ.

"ಥೇನ್ ಇವರ ಹೆಸರು. ನನ್ನ ಮಗಳದ್ದಲ್ಲ," ಎಂದಳು ಇಂಗ್ಲಿಷಿನಲ್ಲಿ.

"ಅದು ನಿಮ್ಮ ಮನೆತನದ ಹೆಸರಲ್ವಾ?"

"ನಮ್ಮಲ್ಲಿ ಮನೆತನದ ಹೆಸರೇ ಇಲ್ಲ. ಹುಟ್ಟಿದ ವಾರ ನೋಡಿ ಅಕ್ಷರ ಹುಡುಕ್ತೀವಿ. ಸೋಮವಾರಕ್ಕೆ ಕ, ಖ. ಸಂಡಾ ಅಂದರೆ ಚಂದ್ರ. ಅವರವರ ಹೆಸರು ಅವರವರದು. ಮದುವೆಯಾದರೂ ನನ್ನದು ನನಗೇ."

ಆಂಗ್ ಥೇನ್ ನಕ್ಕ. "ಥೇನ್ ಅಂದರೆ ಲಕ್ಷ. ರಂಗೂನಿನಲ್ಲಿ ಬೀದಿಗೊಬ್ಬ ಥೇನ್ ಸಿಗ್ತಾನೆ ಮೇಡಂ. ಒಬ್ಬನೂ ನನಗೆ ನೆಂಟನಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೋಗಲಿ, ಸಹಿ ಹಾಕು. ಮನೆಗೆ ಹೋಗೋಣ," ಎಂದ.

"ನೀವು ಹೋಗಿ. ಜೀವಮಾನವಿಡೀ ಇದನ್ನ ಹೊರೋಳು ಇವಳು. ನಾನು ಹಾಕಲ್ಲ."

ಎಲಾ ಇವಳ ಹಟವೇ! ನೀರಜಾಳಿಗೆ ರೇಗಿತು. ತಾನೇನು ಹೊತ್ತಿಲ್ಲವೇ? ಮೈಸೂರಿನಲ್ಲಿ ಎಸ್. ನೀರಜಾ ಆಗಿದ್ದವಳು. ಪಾಸ್‌ಪೋರ್ಟಿಗಾಗಿ ಆ ಎಸ್ ಬಿಡಿಸಿ ಸೂರ್ಯನಾರಾಯಣ ಎಂದಾಯಿತು, ಇಲ್ಲಿನವರು ಅದನ್ನೂ ಮೊಟಕು ಮಾಡಿ ಸೂರ್ಯ ಎಂದರು. ಕೊರಳಿನ ಬ್ಯಾಡ್ಜ್ ಎತ್ತಿ ತೋರಿಸಿದಳು. "ನನಗೂ ಇರಲಿಲ್ಲ. ಇದು ನಮ್ಮಪ್ಪನ ಹೆಸರು. ಅಭ್ಯಾಸ ಆಗುತ್ತೆ."

ಮಿಯಾ ಮಿಯಾ ಬ್ಯಾಡ್ಜನ್ನು ನಿಧಾನವಾಗಿ ಓದಿದಳು. "ನಿಮ್ಮಪ್ಪನ್ನ ಎಲ್ಲರೂ ಹೆಸರು ಹಿಡಿದು ಕೂಗ್ತಾರೆ, ನೀವು ಓ ಅಂತೀರಾ?"

ನೀರಜಾಳ ಅಮ್ಮ ನಲವತ್ತು ವರ್ಷ ಸಂಸಾರ ಮಾಡಿಯೂ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರು ಅದು. ಆವತ್ತು ಬೆಳಗ್ಗೆಯೇ ಯಾರೋ "ಸೂರ್ಯ, ಆ ಕಸದ ಬುಟ್ಟಿ ಈಚೆ ತಳ್ಳು" ಎಂದಿದ್ದರು, ಇವಳು ತಳ್ಳಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟು ಹೆಚ್ಚಾಗಿ ಬಂತು.

'ಥೇನ್' ಅಳಿಸಿದಳು. ಮೊದಲ ಖಾನೆಗೆ ಖಿನ್, ಕೊನೆಯ ಖಾನೆಗೆ ಸಂಡಾ. ಎರಡೂ ಮಗುವಿನದೇ. ಮಿಯಾ ಮಿಯಾ ಎರಡು ಸಲ ಓದಿ ಸಹಿ ಹಾಕಿದಳು.

ಅವರು ಹೋದ ಮೇಲೆ ಮೇಲ್ವಿಚಾರಕಿ ವಿದ್ಯಾವತಿ ಆಂಟಿ ಬಂದು ಕುರ್ಚಿಯ ಹಿಂದೆ ನಿಂತರು. ಬೆಂಗಳೂರಿನವರು, ನೀರಜಾಳಿಗೆ ಈ ಕೆಲಸ ಕೊಡಿಸಿದವರೇ ಅವರು.

"ಏನಮ್ಮಾ ಇದು? ಫಾದರ್ ಥೇನ್, ಮದರ್ ಮಿಯಾ, ಮಗು ಸಂಡಾ? ಊರಿಗೊಂದು ದಾರಿ ಆದ್ರೆ ನಿನಗೊಂದು ದಾರಿ. ಥೇನ್ ಅಂತ ಚೇಂಜ್ ಮಾಡಿ ಕಳಿಸು."

"ಮಾಡಲ್ಲ ಆಂಟಿ."

"ನಾನು ಹೇಳ್ತಾ ಇದೀನಿ."

"ಅಪ್ಪನ ಹೆಸರೇ ಇರ್ಬೇಕು ಅಂತ ರೂಲ್ ಎಲ್ಲಿದೆ, ತೋರಿಸಿ. ಕೆಲಸ ಕೊಡಿಸಿದ್ರಿ, ನಿಮ್ಮ ಋಣ ನನ್ನ ಮೇಲಿದೆ. ಅದನ್ನ ಆ ಮಗು ಯಾಕೆ ತೀರಿಸ್ಬೇಕು?"

ವಿದ್ಯಾವತಿ ಆಂಟಿ ಕಪಾಟಿನಿಂದ ನಿಯಮಗಳ ಫೈಲು ತೆಗೆದು ಹಿಂದೆ ಮುಂದೆ ತಿರುವಿದರು. ಎಲ್ಲಿಯೂ ಹಾಗೆ ಬರೆದಿರಲಿಲ್ಲ. ಮುಖ ಕೆಂಪಾಯಿತು.

"ನಾಳೆ ಮೇಲಿನವರು ಫೋನ್ ಮಾಡಿ, ಇದು ಎಲ್ಲಿಯ ಮನೆತನ, ಇಂಥವರು ಎಷ್ಟು ಜನ ಇದಾರೆ ಅಂತ ಕೇಳಿದ್ರೆ ಏನು ಹೇಳ್ತೀಯ?"

ನೀರಜಾ ಸಬ್‌ಮಿಟ್ ಒತ್ತಿದಳು.

"ಒಬ್ಬಳೇ ಅಂತೀನಿ. ಮೊನ್ನೆ ಸೋಮವಾರ ಹುಟ್ಟಿದಾಳೆ."