ಬರೆದವನೇ ತೆಗೆದ ಸಾಲುಗಳು

ಅಂಗಿಯ ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಅಕ್ಕನ ಬೆರಳುಗಳು ಸೋತುಹೋದವು. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ಗಂಟು ಕಟ್ಟಿದ್ದ ಬೆರಳುಗಳು. ತಮ್ಮನ ತಣ್ಣಗಿನ ಎದೆಯ ಮೇಲೆ ಕೈಯೂರಿ ಒಂದು ಗಳಿಗೆ ಸುಧಾರಿಸಿಕೊಂಡಳು.

“ಬಿಡೇ, ನಾನು ಹಾಕ್ತೀನಿ,” ಎಂದಳು ಚಿಕ್ಕಮ್ಮ.

“ಬೇಡ. ಇನ್ನೆರಡೇ ಇರೋದು.”

ಎಂಟು ತಿಂಗಳು ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ಮಲಗಿದ್ದಲ್ಲೇ ಹಾಸಿಗೆ ಬದಲಿಸಿ ಅಕ್ಕನೂ ಸವೆದುಹೋಗಿದ್ದಳು. ಹಿಂದಿನ ದಿನ ಬೆಳಿಗ್ಗೆ ಅವನ ಉಸಿರು ನಿಂತದ್ದು ಗೊತ್ತಾದಾಗ ಮೊದಲು ಬಂದದ್ದು ಅಳುವಲ್ಲ, ನಿದ್ದೆ. ಅದಕ್ಕಾಗಿ ನಾಚಿಕೊಂಡಿದ್ದಳು.

ಬೀದಿಯವರಿಗೆಲ್ಲ ಅವನು ‘ತಂತಿ’. ಗ್ರಂಥಾಲಯದಲ್ಲಿ ದೀಪ, ಫ್ಯಾನು, ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಕೆಲಸ; ಕೊರಳಲ್ಲಿ ಸದಾ ಒಂದು ತಂತಿಯ ಸುರುಳಿ. ಮದುವೆಯಾಗಲಿಲ್ಲ. ಗಂಡ ಸತ್ತ ಮೇಲೆ ಅಕ್ಕ ಬಂದು ಅವನ ಜೊತೆಯೇ ಉಳಿದಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಬೂದು ಕೋಟಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸು, ಹೆಗಲಲ್ಲಿ ಚೀಲ, ಪ್ರಯಾಣಕ್ಕೆ ಸುಕ್ಕಾದ ಮುಖ. ಹೆಣವನ್ನು ಬಹಳ ಹೊತ್ತು ನೋಡಿ, “ಇಷ್ಟು ಎತ್ತರ ಇದ್ರು ಅಂತ ಗೊತ್ತಿರ್ಲಿಲ್ಲ,” ಎಂದಳು.

“ನೀವು ಯಾರು ಅಂತ ತಿಳೀಲಿಲ್ಲ,” ಎಂದಳು ಅಕ್ಕ.

“ಗ್ರಂಥಾಲಯದವರು ತಿಳಿಸಿದ್ರು. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದ್ವಿ. ಮುಖ ನೋಡ್ತಿರೋದು ಇವತ್ತೇ.”

ಚಿಕ್ಕಮ್ಮ ಪಕ್ಕದಲ್ಲಿದ್ದ ಚಪ್ಪಲಿ ಅಂಗಡಿಯವನ ಕಿವಿಗೆ ಬಾಗಿದಳು. “ಕಳ್ಳ! ನಮ್ಮ ತಂತಿಗೂ ಒಬ್ಬಳಿದ್ದಳಲ್ಲೋ.”

“ಹದಿನಾಲ್ಕು ವರ್ಷ ಮುಖ ನೋಡದೇನಾ? ಹಾಗಿದ್ದಿದ್ರೆ ನನ್ನ ಸಂಸಾರಾನೂ ನೆಟ್ಟಗಿರ್ತಿತ್ತು ಬಿಡಿ.”

ಅಕ್ಕನಿಗೆ ಎಲ್ಲ ಕೇಳಿಸಿತು. ಬಂದವಳಿಗೂ ಕೇಳಿಸಿರಬೇಕು. ಆದರೆ ಅಕ್ಕನಿಗೆ ಹೊಳೆದದ್ದೇ ಬೇರೆ. ಇವಳು ಆ ಕಾರ್ಡಿನ ಕಡೆಯವಳು.

*

ಕಾರ್ಡಿನ ಸಹವಾಸ ಶುರುವಾದದ್ದು ಇಪ್ಪತ್ತೆರಡು ಹಳೆಯ ಲ್ಯಾಪ್‌ಟಾಪುಗಳಿಂದ. ಯಾವುದೋ ಕಚೇರಿ ಬೇಡವೆಂದು ಗ್ರಂಥಾಲಯಕ್ಕೆ ಕೊಟ್ಟಿತ್ತು. ತಮ್ಮ ಅವುಗಳಿಗೆ ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ಆಪರೇಟಿಂಗ್ ವ್ಯವಸ್ಥೆಯನ್ನು ಹಾಕಿದ. ಪರದೆ ಬಂತು, ಕೀಲಿಮಣೆ ನಡೆಯಿತು. ವೈಫೈ ಕಾರ್ಡು ಮಾತ್ರ ಕಲ್ಲಿನಂತೆ ಕೂತಿತು.

“ಡ್ರೈವರ್ ಇಲ್ಲ ಕಣಕ್ಕಾ, ಬರೀಬೇಕು. ಎರಡು ವಾರದ ಕೆಲಸ.”

“ಡ್ರೈವರ್ ಅಂದ್ರೆ?”

ಅವನು ಯೋಚಿಸಿದ. “ಅತ್ತೆ ಸೊಸೆ ಮಾತು ಬಿಟ್ಟಿರೋ ಮನೇಲಿ ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಮುಟ್ಟಿಸೋಕೆ ಒಬ್ಬ ಇರ್ತಾನಲ್ಲ, ಅವನು.”

“ಅವನಿಗೆ ಎರಡೂ ಕಡೆಯಿಂದ ಬೈಗುಳ.”

“ಅದೇ ಕೆಲಸ.”

ಕಾರ್ಡು ಮಾಡಿದ ಕಂಪನಿ ಅದರ ಗುಟ್ಟು ಬಿಟ್ಟುಕೊಡಲಿಲ್ಲ. ಅವನ ಪತ್ರಗಳಿಗೆ ಉತ್ತರವೂ ಬರಲಿಲ್ಲ. ಕಂಪನಿಯದೇ ಡ್ರೈವರು ಆ ಕಾರ್ಡಿಗೆ ಯಾವ ಅಂಕಿ ಕಳಿಸುತ್ತದೆ, ಕಾರ್ಡು ಏನೆಂದು ಓಗೊಡುತ್ತದೆ ಎಂದು ಒಂದೊಂದನ್ನೇ ಕದ್ದು ಕೇಳಿ ನೋಟುಪುಸ್ತಕದಲ್ಲಿ ಬರೆದುಕೊಂಡ. ಎರಡು ವಾರದ ಕೆಲಸ ಒಂಬತ್ತು ವರ್ಷಕ್ಕೆ ನಿಂತಿತು. ನಿಂತಿತು ಎಂದರೂ ಪೂರ್ತಿ ನಿಂತದ್ದಲ್ಲ. ಅವನು ಬರೆದದ್ದು ಆ ವ್ಯವಸ್ಥೆಯೊಳಗೆ ಸೇರಿ ಊರೂರಿಗೆ ಹೋಗುತ್ತಿತ್ತು. ಯಾರದೋ ಯಂತ್ರದಲ್ಲಿ ಏನೋ ಕೆಡುತ್ತಿತ್ತು, ದೂರು ಬರುತ್ತಿತ್ತು, ಇವನು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ.

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದಿನಿಂದ ಏಳಬೇಕಿತ್ತು. ಏಳಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದಳು. ಒಂದೂವರೆಗೆ ಅಕ್ಕ ಫೋನು ಮಾಡಿದಳು. “ಬಾ. ಉಸಿರು ಬೇರೆ ಥರ ಆಗಿದೆ.”

“ಇದೊಂದು ಕಳಿಸಿ ಬಂದೆ.”

ಎರಡೂಕಾಲಿಗೆ ಮತ್ತೆ ಮಾಡಿದಳು. “ಹೊರಟೆ, ಹೊರಟೆ.”

ಅಮ್ಮ ಎರಡು ಸಲ ಅವನ ಹೆಸರು ಹಿಡಿದು ಕರೆದಳು. ಅವನು ವಾರ್ಡಿಗೆ ಓಡಿ ಬಂದಾಗ ನಾಲ್ಕು. ಹಾಸಿಗೆಯ ಬಟ್ಟೆಯನ್ನು ಆಗಲೇ ತೆಗೆದಿದ್ದರು. ಅಕ್ಕನೇ ತೆಗೆದು ಮಡಿಸಿದ್ದಳು.

“ಏನಿತ್ತು ಅಂಥ ಕೆಲಸ?” ಎಂದು ಒಂದೇ ಸಲ ಕೇಳಿದಳು.

“ಕಾರ್ಡು ನಿದ್ದೆಗೆ ಹೋದ್ರೆ ಏಳ್ತಿರ್ಲಿಲ್ಲ. ಎಬ್ಬಿಸೋದು ಹೇಗೆ ಅಂತ ಗೊತ್ತಾಯ್ತು.”

ಆಮೇಲೆ ಒಂದೇ ಸೂರಿನಡಿ ಅಕ್ಕ ಅವನಿಗೆ ಬಡಿಸಿದಳು, ಬಟ್ಟೆ ಒಗೆದಳು, ಕೊನೆಗೆ ಮಲಮೂತ್ರವನ್ನೂ ಬಳಿದಳು. ಕಾರ್ಡಿನ ಮಾತು ಮಾತ್ರ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

*

ಮಣ್ಣು ಹಾಕಿದ ಮೇಲೆ ಜನ ಚದುರಿದರು. ಮಂಡಿ ನೋವಿಗೆ ಅಕ್ಕ ಸ್ಮಶಾನದ ಗೇಟಿನ ಬಳಿಯ ಬೆಂಚಿನಲ್ಲಿ ಕೂತಳು. ಬೂದು ಕೋಟಿನವಳು ಬಂದು ಪಕ್ಕದಲ್ಲಿ ಕೂತಳು.

“ಒಂದು ಮಾತು ಹೇಳೋಕೆ ಬಂದೆ. ಹೇಳದೆ ಹೋದ್ರೆ ಮನೆಗೆ ಹೋಗಿ ಊಟ ಮಾಡೋಕೂ ಆಗಲ್ಲ ನಂಗೆ.”

“ಹೇಳಿ.”

“ಅವರು ಬರೆದದ್ದು ಆ ವ್ಯವಸ್ಥೆಗೆ ಸೇರೋ ಮುಂಚೆ ನೋಡಿ ಒಪ್ಪಿಗೆ ಹಾಕ್ತಿದ್ದೋಳು ನಾನು. ನಿಮ್ಮ ತಾಯಿ ಹೋದ ದಿನ... ತಿದ್ದಿದ್ದು ಸಂಜೆ ಒಳಗೆ ಬಂದ್ರೆ ಸರಿ, ಇಲ್ಲಾಂದ್ರೆ ಮುಂದಿನ ಬಿಡುಗಡೆಗೆ ಇನ್ನು ಮೂರು ತಿಂಗಳು ಕಾಯಬೇಕು ಅಂತ ನಾನೇ ಬರೆದೆ. ಎರಡು ಸಲ ವಾಪಸ್ ಕಳಿಸಿದೆ. ಒಂದು ಸಲ ಬರೀ ಅಕ್ಷರ ತಪ್ಪಿಗೆ.” ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮಾರನೇ ದಿನ ಎರಡೇ ಸಾಲು ಬಂತು. ‘ತಾಯಿ ತೀರಿಕೊಂಡರು. ಒಂದು ವಾರ ಉತ್ತರಿಸುವುದಿಲ್ಲ.’ ನನ್ನ ಮೇಲೆ ಒಂದು ಮಾತು ಆಡ್ಲಿಲ್ಲ.”

ಅಕ್ಕ ಸಿಟ್ಟು ಬರಲೆಂದು ಕಾದಳು. ಬರಲಿಲ್ಲ, ಅದಕ್ಕೂ ತ್ರಾಣ ಬೇಕಲ್ಲ.

“ನೀವೇನು ಹಗ್ಗ ಹಾಕಿ ಕಟ್ಟಿದ್ರಾ? ಎದ್ದು ಬರಬೇಕಾಗಿದ್ದೋನು ಅವನು,” ಎಂದಳು. “ನನ್ನ ಹತ್ರಾನೂ ನಿಮ್ಮ ಮೇಲೆ ಹಾಕ್ಲಿಲ್ಲ ನೋಡಿ. ಆರು ವರ್ಷ ಬೈಸಿಕೊಂಡ, ಬಾಯಿ ಬಿಡ್ಲಿಲ್ಲ.”

“ಬೈತಿದ್ರಾ?”

“ಮಾತಾಡದೆ.”

ಹೆಂಗಸು ಕಣ್ಣೊರೆಸಿಕೊಂಡಳು. “ಇನ್ನೂ ಒಂದಿದೆ. ಹೋದ ತಿಂಗಳು ಹಾಸಿಗೆಯಿಂದಲೇ ಕೊನೇದೊಂದು ಕಳಿಸಿದ್ರು. ಆ ಡ್ರೈವರನ್ನ ಪೂರ್ತಿ ತೆಗೆದುಹಾಕೋಕೆ. ಹನ್ನೊಂದು ಸಾವಿರ ಸಾಲು. ‘ಈ ಕಾರ್ಡು ಬಳಸುವವರು ಈಗ ಯಾರೂ ಉಳಿದಿಲ್ಲ. ಇಟ್ಟುಕೊಂಡರೆ ಬೇರೆಯವರಿಗೆ ಹೊರೆ. ಬರೆದವನೇ ತೆಗೆಯುತ್ತಿದ್ದೇನೆ.’ ನಾನು ಒಪ್ಪಿಗೆ ಹಾಕಿಲ್ಲ. ಕೈ ಬರ್ಲಿಲ್ಲ. ನೀವು ಬೇಡ ಅಂದ್ರೆ ಇನ್ನೊಂದೆರಡು ವರ್ಷ ಹಾಗೇ ಇರಿಸ್ತೀನಿ, ಅವರ ಹೆಸರಿನ ಸಮೇತ.”

“ನಿಜವಾಗ್ಲೂ ಯಾರೂ ಬಳಸ್ತಿಲ್ವಾ?”

“ಇಲ್ಲ. ಗ್ರಂಥಾಲಯದವೂ ಗುಜರಿಗೆ ಹೋದವಂತೆ.”

“ಅವತ್ತು ಬರೆದದ್ದೂ ಹೋಗುತ್ತಾ? ಆ ಎಬ್ಬಿಸೋದು?”

“ಅದೂ ಹೋಗುತ್ತೆ.”

ಅಕ್ಕ ಬೆಂಚಿಗೆ ಕೈಯೂರಿ ಎದ್ದಳು. “ಹರಿದ ಹಾಸಿಗೆಬಟ್ಟೆನ ಬೀರುವಲ್ಲಿ ಇಟ್ರೆ ಒಳ್ಳೇದಕ್ಕೆ ಜಾಗ ಇರಲ್ಲ. ನಡೀರಿ, ಈಗಲೇ ಮಾಡಿ. ನಾಳೆ ಅಂದ್ರೆ ನನ್ನ ಮನಸ್ಸು ತಿರುಗುತ್ತೆ.”

*

ಮನೆಯಲ್ಲಿ ವೈಫೈ ಇರಲಿಲ್ಲ. ತಮ್ಮನ ಮೇಜಿನ ಹಿಂದೆ ಗೋಡೆಯಿಂದ ಒಂದು ದಪ್ಪ ತಂತಿ ಮಾತ್ರ ಬಂದಿತ್ತು. ಒಪ್ಪಿಗೆ ಹೆಂಗಸಿನ ಹೊಸ ಲ್ಯಾಪ್‌ಟಾಪಿನಿಂದಲೇ ಹೋಗಬೇಕಿತ್ತು, ಆದರೆ ಆ ತಂತಿ ಸಿಕ್ಕಿಸಲು ಅದರಲ್ಲಿ ತೂತೇ ಇರಲಿಲ್ಲ. ಫೋನಿನಿಂದ ಇಂಟರ್ನೆಟ್ ಪಡೆಯೋಣವೆಂದರೆ ಅದೂ ದಾರಿಯಲ್ಲೇ ಕೆಟ್ಟುಹೋಗಿತ್ತು.

“ಊರಿಗೆಲ್ಲ ವೈಫೈ ಮಾಡಿಕೊಟ್ಟು ತಾನು ತಂತೀನಾ?” ಹೆಂಗಸು ನಕ್ಕೇಬಿಟ್ಟಳು, ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡಳು.

“ಅದರ ಹುಳುಕೆಲ್ಲ ಗೊತ್ತಿದ್ದೋನು. ನಂಬ್ತಿರ್ಲಿಲ್ಲ,” ಎಂದಳು ಅಕ್ಕ. ಅವಳ ತುಟಿಯೂ ಸ್ವಲ್ಪ ಸಡಿಲಿತು.

ಮೇಲಿನ ಮನೆಯ ಗೃಹಿಣಿ ತನ್ನ ಮನೆಯ ವೈಫೈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಸಿಗ್ನಲ್ ಮನೆಯೊಳಗೆ ಬರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಒಂದು ಗೆರೆ ಬಂತು, ಹೋಯಿತು. ಹೆಂಗಸು ಲ್ಯಾಪ್‌ಟಾಪನ್ನು ತಲೆಯ ಮೇಲಕ್ಕೆ ಎತ್ತಿದಳು. ಎರಡು ಗೆರೆ.

“ಹೀಗೇ ಹಿಡೀಬೇಕು. ಒಬ್ಬಳ ಕೈಲಿ ಆಗಲ್ಲ.”

ಅಕ್ಕ ಒಂದು ಮೆಟ್ಟಿಲು ಮೇಲೆ ಹತ್ತಿ ಇನ್ನೊಂದು ಅಂಚು ಹಿಡಿದಳು. ಹೆಂಗಸು ಒಂದು ಕೈ ಬಿಟ್ಟು, ತಡಕಾಡಿ, ಕೀಲಿ ಒತ್ತಿದಳು. ಪರದೆಯಲ್ಲಿ ಪುಟ್ಟ ವೃತ್ತವೊಂದು ತಿರುಗತೊಡಗಿತು. ಕಿಟಕಿಯ ಮಧ್ಯಾಹ್ನದ ಬಿಸಿಲು ಇಬ್ಬರ ಕಂಕುಳ ಬೆವರಿನ ಮೇಲೆ ಬಿದ್ದಿತ್ತು. ಕೆಳಗಿನಿಂದ ಬರುತ್ತಿದ್ದ ಚಪ್ಪಲಿ ಅಂಗಡಿಯವನು ದಾರಿ ಕೇಳದೆ ನಿಂತ.

“ಹೋಯ್ತಾ?” ಎಂದಳು ಅಕ್ಕ.

“ಹೋಯ್ತು.”

ಹೆಂಗಸು ಕೈ ಇಳಿಸಲು ನೋಡಿದಳು. ಲ್ಯಾಪ್‌ಟಾಪು ಇಳಿಯಲಿಲ್ಲ. ಆ ಕಡೆಯ ಅಂಚನ್ನು ಅಕ್ಕ, ಗಂಟು ಕಟ್ಟಿದ ಎರಡೂ ಕೈಗಳಿಂದ, ಇನ್ನೂ ಎತ್ತಿಯೇ ಹಿಡಿದಿದ್ದಳು.